ಯಾಕೋಬ್ ಮುಲ್ಲರ್‌ಗೆ ಹತ್ತಕ್ಕೆ ಆರು ಮಾರ್ಕ್ಸ್

ತೀರಿಕೊಂಡು ಎಷ್ಟೋ ಕಾಲವಾಗಿರುವ ಜರ್ಮನ್ ಮನುಷ್ಯನೊಬ್ಬನಿಗೆ ನಮ್ಮ ಅತ್ತೆ ಈ ಯುಗಾದಿಯ ದಿನ ಹತ್ತಕ್ಕೆ ಆರು ಮಾರ್ಕ್ಸ್ ಕೊಟ್ಟರು. ಕನ್ನಡ ಕಾಪಿ ಬರೆದದ್ದಕ್ಕೆ. ಅದೂ ಎಲ್ಲಿ? ಸಿಯಾಟಲ್ ಪಕ್ಕದ ರೆಂಟನ್‌ನಲ್ಲಿ, ನಮ್ಮ ನೆರೆಮನೆಯ ಅಡುಗೆಮನೆಯ ಟೇಬಲ್ಲಿನ ಮುಂದೆ ಕೂತು!

ತಡೆಯಿರಿ, ಮೊದಲಿನಿಂದ ಹೇಳುತ್ತೇನೆ.

ನೆರೆಮನೆಯಾಕೆಯ ಹೆಸರು ಕ್ಯಾರಲ್. ವಯಸ್ಸು ಎಪ್ಪತ್ತೆರಡು. ಇಲ್ಲಿನ ವಿಮಾನ ಕಾರ್ಖಾನೆಯಲ್ಲಿ ರೆಕ್ಕೆಗಳಿಗೆ ರಿವೆಟ್ ಹೊಡೆದು ರಿಟೈರ್ ಆದವರು. ಒಂಟಿ ಜೀವ. (ಒಂಟಿ ಅಂದೆನೇ ಹೊರತು ಬೇಜಾರಿನ ಜೀವ ಅನ್ನಲಿಲ್ಲ. ಬೆಳಗ್ಗೆ ಏಳಕ್ಕೇ ರೇಡಿಯೊ ಹಾಕಿಕೊಂಡು ಹಿತ್ತಲಲ್ಲಿ ಕುಣಿಯುತ್ತಾರೆ.) ನನ್ನ ಗಂಡ ಪ್ರಸಾದ್ ಈಗ ಅದೇ ಕಾರ್ಖಾನೆಯಲ್ಲಿ ಎಂಜಿನಿಯರ್. ಹಾಗಾಗಿ ನಮ್ಮ ಮೇಲೆ ಅವರಿಗೆ ಸ್ವಲ್ಪ ತವರಿನ ಪ್ರೀತಿ.

ಕ್ಯಾರಲ್‌ಗೆ ಇರುವುದು ಒಂದೇ ಹುಚ್ಚು. ಅವರ ಮುತ್ತಜ್ಜ ಯಾಕೋಬ್ ಮುಲ್ಲರ್ ಜರ್ಮನಿಯಿಂದ ಬಂದು ಇಲ್ಲಿ ಇಟ್ಟಿಗೆ ಸುಡುವ ಕೆಲಸ ಮಾಡಿದವನು. ಜರ್ಮನಿಯ ಯಾವ ಊರಿನವನು? ಗೊತ್ತಿಲ್ಲ. ಹನ್ನೊಂದು ವರ್ಷದಿಂದ ಹುಡುಕುತ್ತಿದ್ದಾರೆ. ಹಡಗಿನ ದಾಖಲೆಯಲ್ಲಿ ಊರಿನ ಹೆಸರು ‘ಸ್ಟೈನ್’ ಅಂತ ಶುರುವಾಗುತ್ತದೆ, ಮಿಕ್ಕಿದ್ದರ ಮೇಲೆ ಯಾವನೋ ಗುಮಾಸ್ತ ಶಾಯಿ ಚೆಲ್ಲಿದ್ದಾನೆ. ಸ್ಟೈನ್ ಅಂದರೆ ಕಲ್ಲು. ಆ ದೇಶದಲ್ಲಿ ಕಲ್ಲಿನಿಂದ ಶುರುವಾಗುವ ಊರುಗಳಿಗೆ ಬರವೇ? ಹೋಗಲಿ, ಸರ್‌ನೇಮ್ ಹಿಡಿದು ಹುಡುಕೋಣವೆಂದರೆ ಮುಲ್ಲರ್! ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಮಂಜುನಾಥಾ’ ಅಂತ ಕೂಗಿದ ಹಾಗೆ.

ಎರಡು ವರ್ಷದ ಹಿಂದೆ ಸ್ಟೈನ್‌ಫೆಲ್ಡ್ ಅನ್ನುವ ಊರೇ ಇರಬೇಕೆಂದು ನಿರ್ಧರಿಸಿ ಹೋಗಿಯೇಬಿಟ್ಟರು. ಅಲ್ಲಿನ ಮುಲ್ಲರ್ ಕುಟುಂಬದ ಹದಿನೇಳು ಜನ ರೈಲ್ವೆ ಸ್ಟೇಷನ್ನಿಗೆ ಬಂದು ತಬ್ಬಿಕೊಂಡರಂತೆ. ಮೂರು ದಿನ ಊಟ, ಬಿಯರು, ಕಣ್ಣೀರು. ಆಮೇಲೆ ಎರಡೂ ಕಡೆಯವರು ಟ್ಯೂಬಿಗೆ ಉಗುಳಿ ಡಿಎನ್‌ಎ ಟೆಸ್ಟಿಗೆ ಕಳಿಸಿದರು. ರಿಸಲ್ಟು? ಸಂಬಂಧವೇ ಇಲ್ಲ! (ಪಾಪ, ಆ ಮುಲ್ಲರ್‌ಗಳು ಈಗಲೂ ಕ್ರಿಸ್‌ಮಸ್ ಕಾರ್ಡ್ ಕಳಿಸುತ್ತಾರೆ. ತಬ್ಬಿಕೊಂಡದ್ದನ್ನು ವಾಪಸ್ ತೆಗೆದುಕೊಳ್ಳಲು ಆಗುತ್ತದೆಯೇ?)

ಇಷ್ಟಾದರೂ ಈ ವರ್ಷ ಮೇ ಕೊನೆಗೆ ಮತ್ತೆ ಜರ್ಮನಿಗೆ ಟಿಕೆಟ್ ಬುಕ್ ಮಾಡಿದ್ದರು. ಟಿಕೆಟ್ ಇದೆ, ಹೋಗುವ ಊರಿಲ್ಲ!

“ಇದೆಂಥಾ ಪ್ಲಾನು ಕ್ಯಾರಲ್?” ಅಂತ ನಕ್ಕಿದ್ದೆ.

“ಎರಡೂ ಮಂಡಿ ಆಪರೇಷನ್ ಮಾಡಿಸ್ಬೇಕು ವೀಣಾ. ಆಮೇಲೆ ಹೋಗೋಕಾಗತ್ತೋ ಇಲ್ವೋ. ಇದೇ ಲಾಸ್ಟ್ ಚಾನ್ಸ್” ಅಂದರು. ಆಗ ಮಾತ್ರ ಅವರು ನಗಲಿಲ್ಲ.

ಯುಗಾದಿಯ ದಿನ ನಾನೂ ಅತ್ತೆಯೂ ಅವರಿಗೆ ಒಬ್ಬಟ್ಟು ಕೊಡಲು ಹೋದೆವು. (ಖಾಯಂ ಓದುಗರಿಗೆ ನಮ್ಮ ಅತ್ತೆಯ ಪರಿಚಯ ಇದ್ದೇ ಇದೆ. ಹೊಸಬರಿಗೆ ಹೇಳುತ್ತೇನೆ: ಹೆಸರು ಶಾರದಮ್ಮ, ಊರು ಮೈಸೂರು, ರಿಟೈರ್ಡ್ ಪ್ರೈಮರಿ ಸ್ಕೂಲ್ ಟೀಚರು. ಆರು ತಿಂಗಳಿಗೆಂದು ಬಂದಿದ್ದಾರೆ. ರಿಟೈರ್ ಆದದ್ದು ಅವರಿಗಿನ್ನೂ ಗೊತ್ತಾಗಿಲ್ಲ.)

ಟೇಬಲ್ ತುಂಬ ನಕ್ಷೆ, ಫೋಟೋ, ಕಾಗದ. ನಡುವೆ ತುಕ್ಕು ಹಿಡಿದ ಬಿಸ್ಕೆಟ್ ಡಬ್ಬಿ. ಒಳಗೆ ಯಾಕೋಬನ ಒಂದು ನೋಟ್‌ಬುಕ್ಕು. ಮೊದಲೆರಡು ಪುಟ ಜರ್ಮನ್ ಪ್ರಾರ್ಥನೆ, ಆಮೇಲೆಲ್ಲ ಸುರುಳಿ ಸುರುಳಿ.

“ಹಳೇ ಜರ್ಮನ್ ಕೈಬರಹ ಇರ್ಬೇಕು. ನಮ್ಮ ವಂಶಾವಳಿ ಕ್ಲಬ್ಬಿನಲ್ಲಿ ಯಾರಿಗೂ ಓದೋಕಾಗ್ಲಿಲ್ಲ. ಒಬ್ಬರು ಶಾರ್ಟ್‌ಹ್ಯಾಂಡ್ ಅಂದ್ರು. ಇನ್ನೊಬ್ಬರು ಸ್ವೆಟರ್ ಹೆಣೆಯೋ ಪ್ಯಾಟರ್ನ್ ಅಂದ್ರು” ಎಂದರು ಕ್ಯಾರಲ್.

ನಾನು ಒಬ್ಬಟ್ಟಿಗೆ ತುಪ್ಪ ಹಾಕುತ್ತಿದ್ದೆ. ಅತ್ತೆ ಕನ್ನಡಕ ಏರಿಸಿಕೊಂಡು ಪುಟ ತಿರುಗಿಸಿದರು.

“ಏನೇ ವೀಣಾ, ಈ ಹುಡ್ಗ ‘ಮಣ್ಣು’ಗೆ ಒತ್ತೇ ಕೊಟ್ಟಿಲ್ವಲ್ಲೇ!”

“ಯಾವ ಹುಡ್ಗ ಅತ್ತೆ?”

“ಇವ್ನೇ ಕಣೆ. ನೋಡು, ‘ಮಣು, ಮಣು, ಮಣು’ ಅಂತ ಹತ್ತು ಸಲ ಬರ್ದಿದಾನೆ.”

ಬಗ್ಗಿ ನೋಡಿದೆ. ತುಪ್ಪದ ಚಮಚ ಕೈಯಿಂದ ಜಾರಿತು.

ಕನ್ನಡ! ಸ್ವಾಮಿ, ಕನ್ನಡ! ಮಣ್ಣು, ನೀರು, ಒಲೆ, ಹೆಂಚು. ಒಂದೊಂದು ಪದ ಹತ್ತತ್ತು ಸಲ, ನಮ್ಮ ಒಂದನೇ ಕ್ಲಾಸಿನ ಕಾಪಿ ಪುಸ್ತಕದ ಹಾಗೆಯೇ. ಆರು ವರ್ಷದಿಂದ ಆ ಟೇಬಲ್ಲಿನಲ್ಲಿ ಕಾಫಿ ಕುಡಿಯುತ್ತಿದ್ದೇನೆ. ಒಮ್ಮೆಯೂ ಆ ಡಬ್ಬಿ ತೆಗೆಯಿರಿ ಅಂದವಳಲ್ಲ. ಬೇರೆಯವರು ಮುತ್ತಜ್ಜನ ಕಥೆ ಶುರು ಮಾಡಿದರೆ ನಾವು ಮೆಲ್ಲಗೆ ಫೋನ್ ನೋಡಿಕೊಳ್ಳುವವರಲ್ಲವೇ?

ಅತ್ತೆ ಎದ್ದು ನಿಂತು ಕ್ಲಾಸ್‌ರೂಮ್ ದನಿಯಲ್ಲಿ ಓದತೊಡಗಿದರು. “ಹೆಂಚು ಒಣಗಿತು. ಹೆಂಚು ಒಡೆಯಿತು. ಯಾರು ಒಡೆದರು? ನಾನು ಅಲ್ಲ.” ನಾನು ಒಂದೊಂದನ್ನೇ ಇಂಗ್ಲಿಷಿಗೆ ತಿರುಗಿಸಿದೆ. ಕ್ಯಾರಲ್ ಕುರ್ಚಿಯ ತುದಿಯಲ್ಲಿ ಕೂತಿದ್ದರು.

“ಅಂದ್ರೆ ನಮ್ಮ ಮುತ್ತಜ್ಜ ಇಂಡಿಯಾದಲ್ಲಿದ್ನಾ? ಮನೇಲಿ ಯಾರೂ ಹೇಳೇ ಇಲ್ವಲ್ಲ!”

ಮುಂದಿನ ಪುಟದಲ್ಲೇ ‘ಮಂಗಳೂರು’ ಸಿಕ್ಕಿತು. ನನಗೆ ಎಲ್ಲ ಹೊಳೆಯಿತು. ಆ ಕಾಲದಲ್ಲಿ ಜರ್ಮನ್ ಪಾದ್ರಿಗಳು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ನಡೆಸುತ್ತಿದ್ದರಲ್ಲ, ಯಾಕೋಬ್ ಅಲ್ಲಿ ದುಡಿದು, ಊರಿಗೆ ಮರಳಿ, ಆಮೇಲೆ ಅಮೆರಿಕದ ಹಡಗು ಹತ್ತಿದ್ದಾನೆ. (ಮಂಗಳೂರಿನಲ್ಲಿ ತುಳು ಬಿಟ್ಟು ಕನ್ನಡ ಯಾಕೆ ಕಲಿತ ಅಂತ ಪತ್ರ ಬರೆಯಬೇಡಿ. ಶಾಲೆ, ಕಚೇರಿಗಳ ಭಾಷೆ ಅಂತ ಇರಬಹುದು.)

ಕೊನೆಯ ಪುಟಕ್ಕೆ ಬಂದಾಗ ಅತ್ತೆಯ ದನಿ ಇಳಿಯಿತು. “ನಿಮ್ಮ ಊರು ಯಾವುದು?”

ಕನ್ನಡಿಗರು ಯಾರನ್ನು ಕಂಡರೂ ಮೊದಲು ಕೇಳುವುದು ಇದನ್ನೇ ತಾನೆ? ಇಲ್ಲೇ ಪಕ್ಕದ ಬೆಲ್ವ್ಯೂ ಪಟ್ಟಣದ ಆಫೀಸಿನ ಲಿಫ್ಟಿನಲ್ಲಿಯೂ ಕೇಳುತ್ತೇವೆ. ಕೆಳಗಿನ ಸಾಲಿನಲ್ಲಿ ಯಾಕೋಬ್ ಉತ್ತರ ಬರೆದಿದ್ದ.

“ನನ್ನ ಊರು ಷ್ಟೈನ್‌ಲಿಂಗೆನ್ನು.” (ಜರ್ಮನರ ಬಾಯಲ್ಲಿ ಸ್ಟೈನ್ ‘ಷ್ಟೈನ್’ ಆಗುತ್ತದೆ.)

ಕ್ಯಾರಲ್ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ನಾನು ಲ್ಯಾಪ್‌ಟಾಪಿನ ಮ್ಯಾಪಿನಲ್ಲಿ ಟೈಪ್ ಮಾಡಿದೆ. ಇಲ್ಲ. ಸ್ಪೆಲಿಂಗ್ ಬದಲಿಸಿದೆ. ಇಲ್ಲ. ಇನ್ನೊಂದು ಥರ. ಊಹೂಂ. ಆ ಹೆಸರಿನ ಊರು ಜರ್ಮನಿಯಲ್ಲೇ ಇಲ್ಲ. ಕ್ಯಾರಲ್ ಮುಖ ಬಾಡಿತು. “ಪರವಾಗಿಲ್ಲ ಬಿಡು ವೀಣಾ” ಎಂದು ನನ್ನ ಕೈ ತಟ್ಟಿದರು.

“ಏನಂತೆ?” ಎಂದರು ಅತ್ತೆ.

“ಷ್ಟೈನ್‌ಲಿಂಗೆನ್ನು ಅಂತ ಊರೇ ಇಲ್ವಂತೆ ಅತ್ತೆ.”

“ಎಲ್ಲಿರತ್ತೆ? ಬಸ್ಸು, ಕಾರು, ಪೆನ್ನು ಅನ್ನಲ್ವೇನೇ ನಾವು? ಹೇಳಿಕೊಟ್ಟೋರು ಬಾಲ ಅಂಟಿಸಿದಾರೆ. ‘ಉ’ ತೆಗೀ!”

ತೆಗೆದೆ. ಸ್ಟೈನ್‌ಲಿಂಗೆನ್. ಮ್ಯಾಪು ಸೊಂಯ್ಯನೆ ಹಾರಿ ದಕ್ಷಿಣ ಜರ್ಮನಿಯ ಒಂದು ಹಸಿರು ಕಣಿವೆಯಲ್ಲಿ ಇಳಿಯಿತು. ಒಂದು ಚರ್ಚು, ಒಂದು ಬೇಕರಿ, ನಾಲ್ಕು ರಸ್ತೆ. ಇಡೀ ದೇಶಕ್ಕೆ ಆ ಹೆಸರಿನದು ಅದೊಂದೇ ಊರು!

ಆಮೇಲೆ ನಡೆದದ್ದಕ್ಕೆ ನಾನು ಜವಾಬ್ದಾರಳಲ್ಲ. ಕ್ಯಾರಲ್ ಕಿರುಚಿದರು. ನಾನೂ ಕಿರುಚಿದೆ. ಕ್ಯಾರಲ್ ಅತ್ತೆಯ ಸೊಂಟ ಹಿಡಿದು ಫ್ರಿಜ್ಜಿನಿಂದ ಬಾಗಿಲವರೆಗೆ ಗಿರಗಿರ ಕುಣಿಸಿದರು. “ಬಿಡಿ, ಬಿಡೀಮ್ಮಾ, ಸೀರೆ, ಸೀರೆ!” ಎಂದು ಅತ್ತೆ ಕೂಗುತ್ತಿದ್ದರು, ನಗುತ್ತಲೂ ಇದ್ದರು. ಗಲಾಟೆ ಕೇಳಿ ಪ್ರಸಾದ್ ಬೇಲಿ ಹಾರಿ ಬಂದು “ಯಾರು ಬಿದ್ರು?” ಅಂದ.

ಸುಸ್ತಾಗಿ ಕೂತ ಮೇಲೆ ಅತ್ತೆ ಒಂದು ಚೀಟಿಯಲ್ಲಿ ಮಾರ್ಕ್ಸ್ ಬರೆದು ನೋಟ್‌ಬುಕ್ಕಿಗೆ ಸಿಕ್ಕಿಸಿದರು. ಒತ್ತಕ್ಷರಕ್ಕೆ ನಾಲ್ಕು ಕಟ್.

“ಆರು ಅಂದ್ರೆ ಪಾಸಾ?” ಕ್ಯಾರಲ್ ಆತಂಕದಿಂದ ಕೇಳಿದರು.

“ಫಸ್ಟ್ ಕ್ಲಾಸ್!” ಎಂದರು ಅತ್ತೆ, ಇಂಗ್ಲಿಷಿನಲ್ಲಿಯೇ.

ಆ ಊರಿನ ಚರ್ಚಿಗೆ ಇಮೇಲ್ ಹೋಯಿತು. ನಾಲ್ಕು ದಿನಕ್ಕೆ ಉತ್ತರ: ದೀಕ್ಷಾಸ್ನಾನದ ಪುಸ್ತಕದಲ್ಲಿ ಯಾಕೋಬ್ ಇದ್ದಾನೆ, ತಂದೆ ಕುಂಬಾರ, ಯಾಕೋಬನ ಅಣ್ಣನ ವಂಶದ ಹೆಲ್ಗಾ ಎಂಬ ಅಜ್ಜಿ ಇನ್ನೂ ಅದೇ ಊರಲ್ಲಿದ್ದಾರೆ. ಈ ಸಲ ಕ್ಯಾರಲ್ ಹುಷಾರಾಗಿದ್ದರು. ಮೊದಲು ಉಗುಳು, ಆಮೇಲೆ ಅಪ್ಪುಗೆ. ಎರಡೂ ಸರಿಹೋದವು.

ಮೊನ್ನೆ ಭಾನುವಾರ ಬೆಳಗ್ಗೆ ನಾವು ದೋಸೆ ತಿನ್ನುತ್ತಿದ್ದಾಗ ಸ್ಟೈನ್‌ಲಿಂಗೆನ್‌ನಿಂದ ಕ್ಯಾರಲ್ ವಿಡಿಯೊ ಕಾಲ್ ಮಾಡಿದರು. ಪಕ್ಕದಲ್ಲಿ ಹೆಲ್ಗಾ. ಇಬ್ಬರದೂ ಒಂದೇ ಮೂಗು! ಹೆಲ್ಗಾ ಒಂದು ಹಳೇ ಕಾಗದ ಹಿಡಿದಿದ್ದರು. ಮಂಗಳೂರಿನಿಂದ ಯಾಕೋಬ್ ತನ್ನ ತಾಯಿಗೆ ಬರೆದದ್ದು. ಹೆಲ್ಗಾರ ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು, ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

“ಇಲ್ಲಿ ಹೆಂಚು ಜೋಡಿಸುವ ಹೆಂಗಸೊಬ್ಬರು ನನಗೆ ಭಾಷೆ ಕಲಿಸುತ್ತಾರೆ. ಪಾದ್ರಿಗಳ ಶಾಲೆಯಲ್ಲಿ ಅಕ್ಷರ ಕಲಿತವರು. ವಯಸ್ಸು ನಿನ್ನಷ್ಟೇ. ಮಧ್ಯಾಹ್ನ ಊಟಕ್ಕೆ ಕೂರಿಸಿ ಒಂದೊಂದೇ ಪದ ಕೇಳುತ್ತಾರೆ. ಸರಿ ಹೇಳಿದರೆ ಮೀನು. ತಪ್ಪಿದರೆ ಬರೀ ಗಂಜಿ. ಅಮ್ಮಾ, ನಾನು ದಪ್ಪಗಾಗುತ್ತಿದ್ದೇನೆ.”

ಅತ್ತೆ ನಕ್ಕರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು, “ಆಕೆ ಹೆಸರೇನಂತೆ?”

ಕ್ಯಾರಲ್ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು. ಹೆಸರಿಲ್ಲ. “ನೋಡಿ ನಮ್ಮ ಮುತ್ತಜ್ಜನ ಬುದ್ಧಿ! ಅಷ್ಟು ಮೀನು ತಿಂದು ಹೆಸರು ಬರೀಲಿಲ್ಲ!” ಎಂದರು.

ಮಂಗಳೂರಿನ ಓದುಗರೇ, ಜರ್ಮನ್ ಹುಡುಗನೊಬ್ಬನಿಗೆ ಮೀನು ಬಡಿಸಿ ಕನ್ನಡ ಕಲಿಸಿದ ಅಜ್ಜಿಯ ಕಥೆಯನ್ನು ನಿಮ್ಮ ಮನೆಯಲ್ಲಿ ಯಾರಾದರೂ ಹೇಳಿದ್ದುಂಟೇ?