ಇನ್ನೊಂದು ಬ್ರಾಕೆಟ್ಟು

ತಿಪಟೂರಿನ ಹತ್ತಿರದ ಹೈಸ್ಕೂಲಿನಲ್ಲಿ ನಾನು ಕನ್ನಡ ಹೇಳಿಕೊಡುತ್ತಿದ್ದಾಗ ಪಕ್ಕದ ಕೋಣೆ ಗಣಿತದ ಮೇಷ್ಟರದು. ಸುಲಿದ ತೆಂಗಿನಕಾಯಿ ಹಿಡಿದವರಂತೆ ಎರಡೂ ಅಂಗೈ ಬಾಗಿಸಿ, "ಬ್ರಾಕೆಟ್ಟು ಎಲ್ಲಪ್ಪಾ?" ಎಂದು ಲೆಕ್ಕದಲ್ಲಿ ಬ್ರಾಕೆಟ್ಟು ಬಿಟ್ಟ ಮಕ್ಕಳಿಗೆ ದಿನವೂ ಗುಡುಗುತ್ತಿದ್ದರು.

ಒಂದು ಪರೀಕ್ಷೆಯಲ್ಲಿ ಅವರೇ 24 ÷ 4(2 + 1) ಎಷ್ಟೆಂದು ಕೇಳಿದರು. ಅರ್ಧ ತರಗತಿ ಮೊದಲು ಭಾಗಿಸಿ ಹದಿನೆಂಟು ಎಂದಿತು. ಉಳಿದರ್ಧ ಮೊದಲು ಗುಣಿಸಿ ಎರಡು ಎಂದಿತು. ಪರೀಕ್ಷೆ ಮುಗಿದೊಡನೆ ಶುರುವಾದ ಜಗಳ ನನ್ನ ಕೋಣೆಗೂ ಕೇಳಿಸಿ ನಾನು ಎದ್ದು ಹೋದೆ. ಹೆಡ್‌ಮಾಸ್ಟರೂ ಬಂದು, "ಯಾವ್ದಾದ್ರೂ ಒಂದಕ್ಕೆ ಸೊನ್ನೆ ಹಾಕ್ರೀ, ಮುಗೀತು" ಎಂದರು.

ಮೇಷ್ಟರು ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಮಕ್ಕಳ ಕಡೆ ತಿರುಗಿದರು. ಇಡೀ ತರಗತಿ ಅಂಗೈ ಬಾಗಿಸಿ ಎತ್ತಿ ಹಿಡಿದಿತ್ತು.

"ಇನ್ನೊಂದ್ ಬ್ರಾಕೆಟ್ಟು ಎಲ್ಲಿ ಸಾ?"

ಮೇಷ್ಟರು ಎದೆಯುಬ್ಬಿಸಿ ಹೆಡ್‌ಮಾಸ್ಟರಿಗೆ ಹೇಳಿದರು: "ಸೊನ್ನೆ ನಂಗೆ ಹಾಕಿ ಸಾರ್. ಇವ್ರೆಲ್ಲ ಪಾಸು."