ಯಾರದೋ ತ್ರಿಭುಜ

ತೊಂಬತ್ತರ ದಶಕದ ನಡುವಿನಲ್ಲಿ ಒಂದು ಸುತ್ತೋಲೆ ಬಂತು. ಮುಂದಿನ ವರ್ಷದಿಂದ ಎಸ್ಸೆಸ್ಸೆಲ್ಸಿ ಗಣಿತದ ಪ್ರಶ್ನೆಪತ್ರಿಕೆ ಬದಲು. ಪ್ರಮೇಯ ಬಾಯಿಪಾಠ ಮಾಡಿ ಬರೆಯುವುದಕ್ಕೆ ಅಂಕ ಕಡಿಮೆ, ಯೋಚಿಸಿ ಬಿಡಿಸುವ ಲೆಕ್ಕಕ್ಕೆ ಜಾಸ್ತಿ. ಪಾಂಡವಪುರದ ಹತ್ತಿರದ ಹೈಸ್ಕೂಲೊಂದರಲ್ಲಿ ಹನ್ನೆರಡು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದ ನನಗೆ ದಿಗಿಲಾಯಿತು. ಪರೀಕ್ಷೆಗೆ ಯಾವ ಪ್ರಮೇಯ ಬರುತ್ತದೆಂದು ಊಹಿಸುವುದರಲ್ಲಿ ನನ್ನದು ಎತ್ತಿದ ಕೈ. ಕಿರಂಗೂರಿನಿಂದಲೂ ಮಕ್ಕಳು ಸೈಕಲ್ ತುಳಿದುಕೊಂಡು ಬಂದು 'ಇಂಪಾರ್ಟೆಂಟ್' ಬರೆದುಕೊಂಡು ಹೋಗುತ್ತಿದ್ದರು. ಯೋಚಿಸುವ ಗಣಿತ ಬಂದುಬಿಟ್ಟರೆ ಇನ್ನು ನನ್ನನ್ನು ಕೇಳುವವರು ಯಾರು?

ನನಗಿಂತ ಹೆಚ್ಚು ಗಾಬರಿಯಾದದ್ದು ನಮ್ಮ ಶಾಲೆಯ ಅಟೆಂಡರಿಗೆ. ವಯಸ್ಸು ನಲವತ್ತು. ಎಸ್ಸೆಸ್ಸೆಲ್ಸಿಯಲ್ಲಿ ಉಳಿದದ್ದೆಲ್ಲ ಪಾಸು, ಗಣಿತ ಮಾತ್ರ ಡುಮ್ಕಿ. ಅದೊಂದು ದಾಟಿದರೆ ಗುಮಾಸ್ತನಾಗಿ ಬಡ್ತಿ. ಬರುವ ಮಾರ್ಚಿಗೇ ಹಳೆಯ ಮಾದರಿ ಕೊನೆ ಎಂದು ಹೆಡ್‌ಮಾಸ್ಟರು ಹೇಳಿದ ಮೇಲೆ ಆತ ಸ್ಟಾಫ್‌ರೂಮಿಗೆ ಬಂದು, "ಎಂಗಾದ್ರೂ ಮಾಡಿ ದಡ ಸೇರ್ಸ್ಬುಡಿ ಮೇಡಮ್ನೋರೆ" ಎಂದು ನಿಂತ.

ದಿನಾ ಶಾಲೆ ಬಿಟ್ಟ ಮೇಲೆ ಕೂರಿಸಿಕೊಂಡೆ. ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ಉರು ಹೊಡೆಸುವುದು. ಆತ ಕೊಠಡಿಗಳಿಗೆ ಬೀಗ ಹಾಕುತ್ತಾ, ನೀರಿನ ಹಂಡೆ ತೊಳೆಯುತ್ತಾ "ಎಬಿಸಿ ತ್ರಿಭುಜದಲ್ಲಿ..." ಎಂದು ಗುನುಗುತ್ತಿದ್ದ. ಒಂದಕ್ಷರ ತಪ್ಪುತ್ತಿರಲಿಲ್ಲ. ನಾನಂತೂ ಉಬ್ಬಿಹೋಗಿದ್ದೆ.

ಪರೀಕ್ಷೆ ಮುಗಿಸಿ ಬಂದವನ ಮುಖ ಸಪ್ಪಗಿತ್ತು.

"ಯಾಕ್ರೀ, ನಾನು ಹೇಳಿದ ಪ್ರಮೇಯ ಬರಲಿಲ್ವಾ?" ಎಂದೆ.

"ನಮ್ ತ್ರಿಭುಜ ಬರ್ನೇ ಇಲ್ಲ ಮೇಡಮ್ನೋರೆ. ಯಾರ್ದೋ ಬೇರೇವ್ರುದು ಬಂದಿತ್ತು, ನಾನ್ ಮುಟ್ನಿಲ್ಲ."

ಪತ್ರಿಕೆ ಇಸಿದುಕೊಂಡು ನೋಡಿದೆ. ಅದೇ ಪ್ರಮೇಯ. ತ್ರಿಭುಜಕ್ಕೆ ಪಿಕ್ಯೂಆರ್ ಎಂದು ಹೆಸರಿಟ್ಟಿದ್ದರು, ಅಷ್ಟೆ.

ಸ್ಟಾಫ್‌ರೂಮೆಲ್ಲ ನಕ್ಕಿತು, ನಾನೂ ನಕ್ಕೆ. ಮನೆಗೆ ಹೋಗುವ ಬಸ್ಸಿನಲ್ಲಿ ಕೂತ ಮೇಲೆ ನಾಚಿಕೆಯಾಯಿತು. ಹನ್ನೆರಡು ವರ್ಷದಲ್ಲಿ ಒಂದು ದಿನವಾದರೂ ನಾನು ಬೋರ್ಡಿನ ಮೇಲೆ ಬೇರೆ ಅಕ್ಷರ ಬರೆದಿದ್ದರೆ ತಾನೆ? ಫಲಿತಾಂಶ ಬಂತು, ಆತ ಮತ್ತೆ ನಪಾಸು. ತಪ್ಪು ನನ್ನದು, ಅನುಭವಿಸಿದ್ದು ಆತ. ಹಾಗೆಂದು ಎದುರಿಗೇ ಹೇಳಿಬಿಟ್ಟೆ. "ಬುಡಿ ಮೇಡಮ್ನೋರೆ, ಅದ್ಕೇನಂತೆ" ಎಂದ.

ಹೊಸ ಮಾದರಿಗೆಂದು ಆತ ಹತ್ತನೇ ತರಗತಿಯ ಹಿಂದಿನ ಬೆಂಚಿನಲ್ಲೇ ಕೂತ, ಹೆಡ್‌ಮಾಸ್ಟರ ಒಪ್ಪಿಗೆಯಿಂದ. ಗಂಟೆ ಹೊಡೆಯಲು ಮಾತ್ರ ಎದ್ದು ಹೋಗುತ್ತಿದ್ದ. ಪಾಠ ಬೇಜಾರಾದ ದಿನ ಐದು ನಿಮಿಷ ಮುಂಚೆಯೇ ಬಾರಿಸುತ್ತಿದ್ದನೆಂದು ನನಗೆ ಈಗಲೂ ಗುಮಾನಿ. ನಾನು ದಿನಕ್ಕೊಂದು ಅಕ್ಷರ ಹಾಕಿದೆ, ತ್ರಿಭುಜಗಳನ್ನು ತಲೆಕೆಳಗು ಮಾಡಿದೆ. "ಇದ್ಯಾಕೆ ಇಂಗೆ?" ಎಂದು ಆತ ಕೇಳಿದಾಗ ಎಷ್ಟೋ ಸಲ ನನಗೇ ಉತ್ತರ ಗೊತ್ತಿರುತ್ತಿರಲಿಲ್ಲ. ನಾಳೆ ನೋಡಿಕೊಂಡು ಬರುತ್ತೇನೆ ಎಂದು ಮಕ್ಕಳೆದುರು ಒಪ್ಪಿಕೊಳ್ಳುವುದು, ಅಯ್ಯೋ, ಹಲ್ಲು ಕೀಳಿಸಿಕೊಂಡ ಹಾಗಿತ್ತು. ರಾತ್ರಿ ಕೂತು ಕಲಿತೆ, ಬೆಳಿಗ್ಗೆ ಬಂದು ಹೇಳಿದೆ.

ಆ ಸಲ ಆತ ಪಾಸಾದ. ಅಂಕಪಟ್ಟಿ ಮೇಜಿನ ಮೇಲಿಟ್ಟು, ಒಂದಿಷ್ಟು ಮುನಿಸಿನಿಂದಲೇ ಹೇಳಿದ: "ನೀವ್ ಏಳ್ಕೊಟ್ಟಿದ್ದು ಒಂದ್ ಲೆಕ್ಕಾನೂ ಬರ್ನಿಲ್ಲ ಮೇಡಮ್ನೋರೆ. ಎಲ್ಲಾನೂ ನಾನೇ ಯೋಚ್ನೆ ಮಾಡ್ಕಂಡ್ ಬರ್ದೆ."

ಆತನಿಗೆ ಅದು ದೂರು. ನನಗೆ ಕಣ್ಣು ತುಂಬಿ ಬಂತು.