ಎಲೆಯ ಮೇಲೆ ತಲೆಯೆಣ್ಣೆ

ಅರಸೀಕೆರೆಯಿಂದ ರೈಲಿನಲ್ಲಿ ಮಂಗಳೂರಿಗೆ ಬಂದ ನಾನು ಮತ್ತು ದೊಡ್ಡಮ್ಮ ಬೆಳಗಿನಿಂದ ಕಡಲು, ಬಂದರು, ದೋಣಿ ನೋಡಿ, ಹಸಿದು ಹೋಟೆಲಿಗೆ ನುಗ್ಗಿದೆವು. ಎಲೆಗೆ ತೊಂಡೆಕಾಯಿ ಪಲ್ಯ ಬಿದ್ದದ್ದೇ ದೊಡ್ಡಮ್ಮ ಮೂಗು ಮುಚ್ಚಿಕೊಂಡರು.

"ತಲೆಗೆ ಹಚ್ಚೋ ಎಣ್ಣೆ ಕಣೇ ಇದು!"

ನಮ್ಮೂರು ಕಣಕಟ್ಟೆಯ ತೆಂಗಿನ ತೋಟದಲ್ಲಿ ಆಯುಷ್ಯವಿಡೀ ಕೊಬ್ಬರಿ ಒಣಗಿಸಿದವರು ಅವರು. ಆದರೆ ಒಗ್ಗರಣೆಗೆ ಮಾತ್ರ ಕಡಲೆಕಾಯಿ ಎಣ್ಣೆಯೇ ಆಗಬೇಕು.

ಬಡಿಸುವಾಕೆಯ ಮುಖ ಸಣ್ಣದಾಯಿತು. "ನಾನೇ ಮಾಡಿದ್ದಮ್ಮ. ಬೇಡದಿದ್ದರೆ ತೆಗೀತೇನೆ."

"ಇರ್ಲಿ ಬಿಡವ್ವ. ಎಲೆಗೆ ಬಿದ್ದಿದ್ದನ್ನ ಬಿಡೋ ಪದ್ಧತಿ ನಮ್ಮಲ್ಲಿಲ್ಲ," ಎಂದ ದೊಡ್ಡಮ್ಮ ಸೆರಗು ಸಿಕ್ಕಿಸಿ, ಉಸಿರು ಬಿಗಿಹಿಡಿದು, ಪಲ್ಯವಷ್ಟನ್ನೂ ಮೊದಲು ಮುಗಿಸಿದರು.

ಖಾಲಿ ಜಾಗ ಕಂಡು ಆಕೆಯ ಮುಖ ಅರಳಿತು. ಕೇಳದೆಯೇ ಇನ್ನೆರಡು ಸೌಟು ಪಲ್ಯ ಬಡಿಸಿದಳು.

ದೊಡ್ಡಮ್ಮ ನನ್ನತ್ತ ನೋಡಲಿಲ್ಲ. ನೀರು ಕುಡಿದು, ಮತ್ತೆ ಎಲೆಗೆ ಕೈ ಹಾಕಿದರು.